ಹಸಿರು ಟೇಪಿನ ಕ್ಲಬ್ಬು

ಚೆಂಡು ಕುಳಿಯಿಂದ ಎರಡೇ ಹೆಜ್ಜೆ ದೂರದಲ್ಲಿ ನಿಂತಿತು. ಅವಳ ಅಪ್ಪ ಖುಷಿ ತಡೆಯಲಾಗದೆ ಕೈಯಲ್ಲಿದ್ದ ಗಾಲ್ಫ್ ಕೋಲಿನ, ಅಂದರೆ ಕ್ಲಬ್ಬಿನ, ತಲೆಗೆ ಲೊಚಕ್ಕನೆ ಮುತ್ತಿಟ್ಟರು. "ನೋಡಿದ್ಯೇನಯ್ಯಾ ಅಳಿಯ? ಬ್ರ್ಯಾಂಡ್ ಅಂದ್ರೆ ಇದು! ನಿನ್ನ ನಾಯಿ ಓಡಿಸೋ ಕೋಲಲ್ಲಿ ಹೀಗೆ ಹೊಡಿ ನೋಡೋಣ."

ಅವಳ ಗಂಡ ಹಲ್ಲು ಕಿರಿದ. ಅವಳ ಕಣ್ಣು ಮಾತ್ರ ಅಪ್ಪನ ಮುಷ್ಟಿಯ ಕೆಳಗೆ ಇಣುಕುತ್ತಿದ್ದ ಹಸಿರು ಟೇಪಿನ ಮೇಲೆ ನೆಟ್ಟಿತ್ತು. ಗಂಡನ ಅಗ್ಗದ ಕ್ಲಬ್ಬಿಗೆ ಅದನ್ನು ಸುತ್ತಿಕೊಟ್ಟವಳು ಅವಳೇ. ಗಾಡಿಗೆ ಒರಗಿದ್ದ ಎರಡು ಚೀಲಗಳಲ್ಲಿ ಅಪ್ಪ ಗೊತ್ತಿಲ್ಲದೆ ಅಳಿಯನ ಚೀಲಕ್ಕೆ ಕೈ ಹಾಕಿದ್ದರು. ವರ್ಷವಿಡೀ ಗಂಡ ನುಂಗಿಕೊಂಡ ಚುಚ್ಚುಮಾತಿಗೆಲ್ಲ ಇವತ್ತು ಉತ್ತರ ಸಿಕ್ಕಿತೆಂದು ಹಿಗ್ಗಿ, ಅವಳು ಅವನ ಕೈ ಹಿಡಿದುಕೊಂಡಳು.

"ಅಪ್ಪಾ, ಸರಿಯಾಗಿ ನೋಡು. ನೀನು ಹೊಡೆದದ್ದು ಇವರ ಕೋಲಲ್ಲೇ."

ಅಪ್ಪ ಟೇಪು ನೋಡಿದರು. ಥೂ ಎಂದು ಹುಲ್ಲಿಗೆ ಉಗಿದು, ಕರವಸ್ತ್ರದಿಂದ ತುಟಿ ತಿಕ್ಕಿಕೊಂಡರು. "ಅದಕ್ಕೇ ಮತ್ತೆ, ಕುಳಿಗೆ ಬೀಳದೆ ಎರಡು ಹೆಜ್ಜೆ ಈಚೆ ನಿಂತಿದ್ದು."

"ಹೌದು ಮಾವ, ನನ್ನದು ಯಾವಾಗ್ಲೂ ಹಾಗೇ," ಎಂದ ಗಂಡ, ನಗುತ್ತ. ಅವಳ ಕೈ ಬಿಡಿಸಿಕೊಂಡು ಹೋಗಿ, ಕ್ಲಬ್ಬಿಗೆ ಹತ್ತಿದ್ದ ಮಾವನ ಎಂಜಲನ್ನು ತನ್ನ ಅಂಗಿಯ ತೋಳಿನಿಂದ ಒರೆಸತೊಡಗಿದ.

ಅವನ ಕೈ ಹಿಡಿದಿದ್ದ ಅಂಗೈಯನ್ನು ಅವಳು ಪ್ಯಾಂಟಿಗೆ ತಿಕ್ಕಿ ಒರೆಸಿಕೊಂಡಳು.