ವಾಲ್ಯೂಮು ಯಾರ ಕೈಲಿ

"ನನಗೆ ಹೊಲಿಗೆ ಮೆಷಿನ್ನಿನ ಸದ್ದು ಸರಿಯಾಗಿ ಕೇಳ್ಬೇಕಮ್ಮ, ಸೂಜಿ ಮೊಂಡಾದ್ರೆ ಅದ್ರಲ್ಲೇ ಗೊತ್ತಾಗೋದು" ಎಂದು ಅವಳು ಅಂಗಡಿಯ ಹುಡುಗಿಗೆ ಹೇಳುತ್ತಿದ್ದಾಗಲೇ ಫ್ಯಾನಿನ ಸದ್ದು, ಬೀದಿಯ ಹಾರನ್ನು ಎಲ್ಲ ಒಮ್ಮೆಲೇ ಅಡಗಿಹೋದವು. ಕಿವಿಯಲ್ಲಿದ್ದ ಯಂತ್ರದ ಬ್ಯಾಟರಿ ಹೋಯಿತೇನೋ ಎಂದುಕೊಂಡು ತಿರುಗಿದರೆ, ಗಂಡನ ಹೆಬ್ಬೆರಳು ಮೊಬೈಲಿನ ಮೇಲಿತ್ತು.

ಗಾಜಿನ ಮೇಜಿನ ಮೇಲೆ ಮೂರು ಕಂಪನಿಗಳ ಶ್ರವಣಯಂತ್ರಗಳಿದ್ದವು. ಅವಳ ಕಿವಿಯೊಳಗಿದ್ದದ್ದು ಕಡಲೆಕಾಳಿನಷ್ಟು ಚಿಕ್ಕದು. ಯಾರ ಕಣ್ಣಿಗೂ ಬೀಳುವುದಿಲ್ಲ, ಸದ್ದನ್ನು ಮೊಬೈಲಿನಿಂದಲೇ ಹೆಚ್ಚು ಕಡಿಮೆ ಮಾಡಬಹುದು ಎಂದು ಹುಡುಗಿ ಹೇಳಿದ್ದೇ ತಡ, ಗಂಡ ಅದರ ಆ್ಯಪನ್ನು ತನ್ನ ಫೋನಿಗೆ ಹಾಕಿಸಿಕೊಂಡಿದ್ದ. ಈಗ ಹಲ್ಲು ಕಿರಿಯುತ್ತ ಹುಡುಗಿಗೆ ಏನೋ ಅಂದ. ವರ್ಷಗಟ್ಟಲೆ ಜನರ ತುಟಿ ನೋಡಿಯೇ ಮಾತು ತಿಳಿದುಕೊಂಡವಳಿಗೆ ಅಷ್ಟು ಸಾಕಾಗಿತ್ತು: "ಇನ್ಮೇಲೆ ಮನೇಲಿ ನೆಮ್ಮದಿ!" ಹುಡುಗಿ ನಗಲಿಲ್ಲ. ಹೆಬ್ಬೆರಳು ಮತ್ತೆ ಸರಿಯಿತು, ಫ್ಯಾನು ಗೊರಗೊರ ಎಂದಿತು. "ಇದನ್ನೇ ಪ್ಯಾಕ್ ಮಾಡಮ್ಮ" ಎಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅದನ್ನು ಕಿವಿಯಿಂದ ಕಿತ್ತು ಗಾಜಿನ ಮೇಲೆ ಕುಕ್ಕಿದಳು. ಕಿವಿಯ ಹಿಂದೆ ಕೂರುವ, ಬೆನ್ನ ಮೇಲೆ ಸದ್ದು ಏರಿಸಿ ಇಳಿಸುವ ಪುಟ್ಟ ತಿರುಗುಗಾಲಿಯಿದ್ದ ದಪ್ಪನೆಯದನ್ನು ತಾನೇ ಎತ್ತಿ ಸಿಕ್ಕಿಸಿಕೊಂಡಳು.

"ಅದು ಹಳೇ ಕಾಲದ್ದು ಕಣೇ! ಎಲ್ರಿಗೂ ಎದ್ದು ಕಾಣತ್ತೆ. ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

"ಕಾಣ್ಲಿ ಬಿಡ್ರೀ. ಇದ್ರ ಗಾಲಿ ನನ್ನ ಕೈಗೆ ಸಿಗತ್ತೆ."

ಅವನು ಇನ್ನೂ ಕೂಗಾಡುತ್ತಿರುವಾಗಲೇ ಅವಳು ಬೆರಳ ತುದಿಯಿಂದ ಗಾಲಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿ, ಅವನ ತುಟಿಗಳಿಗೂ ಬೆನ್ನು ಹಾಕಿ, ಬಿಲ್ ಮಾಡುವಂತೆ ಹುಡುಗಿಗೆ ಕೈಸನ್ನೆ ಮಾಡಿದಳು.