ಯಂತ್ರದ ಕಣ್ಣು

ಕೂಗಬೇಕಾದ ಯಂತ್ರದ ಬಾಯಿ ಕಟ್ಟಿದವರನ್ನು ನೀವಾದರೂ ಕ್ಷಮಿಸುತ್ತೀರಾ?

ರುದ್ರಾಣಿ ಕ್ಷಮಿಸಲಿಲ್ಲ. ಗಂಡ ಮಲ್ಲಿಕಾರ್ಜುನನನ್ನು ಹೊತ್ತ ಆಂಬುಲೆನ್ಸು ಕಪಿಲೆಯ ಸೇತುವೆ ದಾಟಿ ಮೈಸೂರಿನತ್ತ ಓಡಿತ್ತು. ಅದರಲ್ಲಿ ಅವಳಿಗೆ ಜಾಗವಿರಲಿಲ್ಲ. ಹುಲ್ಲಹಳ್ಳಿಯಿಂದ ಮೈದುನ ಬೈಕು ತರುವವರೆಗೆ ಕಾಯದೆ ಗತಿಯಿರಲಿಲ್ಲ. ಅವಳು ಯಂತ್ರದ ಪಕ್ಕ ನಿಂತಿದ್ದ ಅಮೃತೇಶನ ಅಂಗಿಯ ಕೊರಳು ಹಿಡಿದಳು. ಅವಳ ಉಂಗುರಬೆರಳ ತುದಿ ಕೆಂಪಗಿತ್ತು. ಗಂಡನ ರಕ್ತವೆಂದು ಎಲ್ಲರೂ ಬಗೆದರು.

“ಅಲಾರಂ ಯಾಕ್ಲಾ ಆಫ್ ಮಾಡ್ದೆ?”

“ನಾನ್ ಮುಟ್ಟಿಲ್ಲ ಕಣಕ್ಕಾ. ಅದು ಕೂಗ್ಲೇ ಇಲ್ಲ!”

“ನಿನ್ ಫೋನ್ ಕೂಗುದ್ರೆ ಮಾತ್ರ ಕಿವಿ ಕೇಳ್ತದಾ ನಿಂಗೆ?”

ನಂಜನಗೂಡಿನ ಆ ಪ್ಲಾಸ್ಮಾ ಕೇಂದ್ರದಲ್ಲಿ ಅಮೃತೇಶ ಯಂತ್ರ ನಡೆಸುವವನು. ರುದ್ರಾಣಿ ಅದನ್ನು ದಿನವೂ ಒರೆಸುವವಳು. ಇಂದು ಮಾತ್ರ ಒರೆಸಿರಲಿಲ್ಲ. ದಾನಿಯ ರಕ್ತ ಹೀರಿ, ಅದರ ಹಳದಿ ದ್ರವವನ್ನು ಬೇರ್ಪಡಿಸಿ, ಉಳಿದ ಕೆಂಪನ್ನು ಅದೇ ತೋಳಿಗೆ ಹಿಂದಿರುಗಿಸುವ ಯಂತ್ರ ಅದು. ನಿನ್ನೆಯಷ್ಟೇ ಅವನು ಸಣ್ಣ ಮುಚ್ಚಳವೆತ್ತಿ, ಕೊಳವೆ ಕೂರುವ ಸೀಳನ್ನು ತೋರಿಸಿದ್ದ.

“ಇದು ಇದರ ಕಣ್ಣು ಕಣಕ್ಕಾ. ಗಾಳಿಗುಳ್ಳೆ ನುಸುಳುದ್ರೆ ಕೂಗ್ಕೊಂಡು ನಿಂತೋಯ್ತದೆ. ಭಾವ ಧೈರ್ಯವಾಗಿ ಮಲೀಕೊಳ್ಲಿ.”

ಆ ಮಾತು ನಂಬಿಯೇ ಅವಳು ಗಂಡನನ್ನು ಕರೆತಂದಿದ್ದಳು. ಸುಟ್ಟಗಾಯದ ಮಗುವೊಂದಕ್ಕೆ ಪ್ಲಾಸ್ಮಾ ಬೇಕಿತ್ತು. ಮಲ್ಲಿಕಾರ್ಜುನ ದುಡಿಯುವ ತಾಂಡ್ಯದ ಕಾರ್ಖಾನೆಗೆ ವಿಜಯದಶಮಿಯ ರಜೆಯಿತ್ತು.

“ಒಬ್ಬಟ್ ಉಂಡ್ ಬಂದಿವ್ನಿ ಕಣ್ಲಾ, ರಕ್ತದ್ ಬದ್ಲು ಪಾಕ ಬಂದಾತು!” ಎಂದು ನಗುತ್ತಲೇ ಅವನು ತೋಳು ಚಾಚಿದ್ದ.

ತೋಳಿನತ್ತ ಹರಿವ ಕೊಳವೆಯಲ್ಲಿ ಗಾಳಿಗುಳ್ಳೆಗಳ ಸಾಲನ್ನು ಮೊದಲು ಕಂಡವಳು ರುದ್ರಾಣಿ. ಚೀರಿದಳು. ಯಂತ್ರ ಮಾತ್ರ ತೆಪ್ಪಗೆ ತಿರುಗುತ್ತಿತ್ತು. ಅಮೃತೇಶ ಪಕ್ಕದ ಮಂಚದ ಬಳಿಯಿಂದ ಓಡಿಬಂದು ಕೊಳವೆ ಹಿಸುಕುವಷ್ಟರಲ್ಲಿ ಮಲ್ಲಿಕಾರ್ಜುನನ ತುಟಿ ನೀಲಿಗಟ್ಟಿತ್ತು.

ಈಗ ಕೇಂದ್ರದ ಮುಖ್ಯಸ್ಥೆ ಸುನೀತಾ ಬಂದರು. ಅಲಾರಂ ಗುಂಡಿ ನೋಡಿದರು. ಚಾಲೂ ಇತ್ತು.

“ಶುರು ಮಾಡೋ ಮುಂಚೆ ಕಣ್ಣು ಚೆಕ್ ಮಾಡಿದ್ಯಾ?”

“ನಿನ್ನೆ ಮಧ್ಯಾಹ್ನ ಮಾಡಿದ್ದೆ ಮೇಡಂ. ಸರಿಯಾಗಿತ್ತು.”

“ಇವತ್ತು?”

“ಇವತ್ತು ಮಾಡ್ಲಿಲ್ಲ ಮೇಡಂ.”

“ನೋಡ್ರವ್ವಾ! ಇವ್ನೇ ನನ್ ಮನೆ ತೊಳೆದ್ಬುಟ್ಟ,” ಎಂದು ರುದ್ರಾಣಿ ಅಂಗಿಯನ್ನು ಇನ್ನಷ್ಟು ಬಿಗಿಹಿಡಿದಳು.

ಸುನೀತಾ ಮುಚ್ಚಳವೆತ್ತಿ, ಸೀಳಿನೊಳಗೆ ಹತ್ತಿ ತೂರಿಸಿ ಒರೆಸಿದರು. ಹತ್ತಿ ಕೆಂಪಾಗಿ ಬಂತು. ರಕ್ತವಲ್ಲ. ಗಂಧದ ವಾಸನೆ.

“ಕುಂಕುಮ! ಇದು ಮೆತ್ಕೊಂಡ್ರೆ ಗಾಳಿ ಹೋದ್ರೂ ಒಂದೇ, ರಕ್ತ ಹೋದ್ರೂ ಒಂದೇ ಈ ಕಣ್ಣಿಗೆ. ಯಾಕೆ ಒರೆಸ್ಲಿಲ್ಲ?”

“ಆಯುಧಪೂಜೆದು ಮೇಡಂ... ಹಬ್ಬ ಮುಗಿಯೋಗಂಟ ಒರೆಸ್ಬಾರ್ದು ಅಂತ ಬುಟ್ಟೆ,” ಎಂದ ಅಮೃತೇಶ.

“ಮುಚ್ಚಳದ ಒಳಕ್ಕೆ ಇಟ್ಟಿದ್ಯಾರು?”

ಅವನಿಗೆ ಗೊತ್ತಿರಲಿಲ್ಲ. ಹೊರಗೆ ಮೈದುನನ ಬೈಕು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು.

ಅಂಗಿಯ ಮೇಲಿನ ಹಿಡಿತ ಸಡಿಲಿತು. ರುದ್ರಾಣಿ ಉಂಗುರಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾಳೆ ಗಂಡನನ್ನು ಕಾಯುವ ಕಣ್ಣಲ್ಲವೇ ಎಂದು, ನಿನ್ನೆ ಸಂಜೆ ಪೂಜೆಯಲ್ಲಿ ಅದಕ್ಕೊಂದಕ್ಕೆ ಮಾತ್ರ ಎರಡೆರಡು ಸಲ ಬೊಟ್ಟಿಟ್ಟಿದ್ದವಳು ಅವಳೇ. ಓದುಗರೇ, ನಿಮ್ಮಲ್ಲಿಯೂ ಇಂಥ ಕಣ್ಣೊಂದು ಮುಚ್ಚಿದ್ದರೆ, ಹಬ್ಬ ಮುಗಿಯಲೆಂದು ಕಾಯಬೇಡಿ. ಈಗಲೇ ಎದ್ದು ಒರೆಸಿ.