ದಿನಾ ಎರಡು ಚೊಂಬು

ಅಕ್ಕಿ ತೊಳೆದ ನೀರಿನ ವಾಸನೆ ಬಂದರೆ ಈಗಲೂ ನನಗೆ ಪೀಣ್ಯದ ಆ ಬಾಡಿಗೆ ಕೋಣೆ ನೆನಪಾಗುತ್ತದೆ. ಫ್ಯಾಕ್ಟರಿಗೆ ಹೊರಡುವ ಮುಂಚೆ ಅವ್ವ ದಿನಾ ಆ ನೀರನ್ನೇ ಪೇಂಟ್ ಡಬ್ಬಿಯ ಮನಿಪ್ಲಾಂಟಿಗೆ ಹಾಕಿ, ಎಲೆಗಳ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ಓನರ್ ಆಂಟಿ ಬಾಗಿಲಲ್ಲಿ ನಿಂತು, "ಗಿಡ ಸಕ್ಕತ್ತಾಗಿ ಬೆಳೆದೈತೆ, ಯಾವ ನೀರು ಹಾಕ್ತೀರಾ?" ಅಂದರು. ಅಕ್ಕಿ ತೊಳೆದದ್ದು ಅನ್ನಲು ನಾಚಿಕೆಯಾಯಿತು.

"ನಲ್ಲಿ ನೀರು ಆಂಟಿ, ದಿನಾ ಎರಡು ಚೊಂಬು," ಅಂದೆ.

ಸಂಜೆ ಅವ್ವ ಬರುತ್ತಲೇ ಆಂಟಿ ಕೂಗಾಡಿದರು. "ಕುಡಿಯೋಕೇ ಟ್ಯಾಂಕರ್ ತರಿಸ್ತಿದೀನಿ, ನಿಮಗೆ ಗಿಡದ ಶೋಕಿ ಬೇರೆ! ಆ ಗಿಡ ತಂದು ನಮ್ಮ ಮೆಟ್ಟಿಲ ಮೇಲಿಡು."

ಅವ್ವ ನನ್ನ ಮುಖ ನೋಡಿದಳು. "ತಪ್ಪಾತ್ರೀ ಅಕ್ಕಾರ," ಅಂದು ಡಬ್ಬಿ ಎತ್ತಿಕೊಟ್ಟಳು.

ಮರುದಿನದಿಂದ ಅದಕ್ಕೆ ನೀರು ಹಾಕುವ ಕೆಲಸವನ್ನು ಆಂಟಿ ನನಗೇ ಹಚ್ಚಿದರು. ಅವರ ನಲ್ಲಿಯಿಂದ, ದಿನಾ ಎರಡು ಚೊಂಬು.